ಕ್ಯಾರವಾನ್ ಎಳೆಯುವ ಗಾಡಿ: ಮೊದಲು ವೇ ಬ್ರಿಡ್ಜ್, ಆಮೇಲೆ ಶೋರೂಮ್

ಕ್ಯಾರವಾನ್ ಟ್ರೈಲರ್, ಅಂದರೆ ಗಾಡಿಯ ಹಿಂದೆ ಕಟ್ಟುವ ಚಕ್ರದ ಮನೆ, ಎಳೆಯೋಕೆ ಯಾವ ಗಾಡಿ ಆಗುತ್ತದೆ ಅಂತ ಯಾರನ್ನೇ ಕೇಳಿ, ಮಾತು ಎಚ್‌ಪಿಯಿಂದ ಶುರುವಾಗುತ್ತದೆ. ಮೈಸೂರಿನ ಗ್ಯಾರೇಜುಗಳಲ್ಲೂ ಶೋರೂಮುಗಳಲ್ಲೂ ನಮಗೆ ಸಿಕ್ಕಿದ್ದು ಅದೇ. ಈಗ ಗಾಡಿ ಬಂದಿದೆ, ಹಿಚ್ (ಟ್ರೈಲರ್ ಸಿಕ್ಕಿಸಲು ಗಾಡಿಯ ಹಿಂದೆ ಹಾಕುವ ಕೊಂಡಿ) ಕೂತಿದೆ, ಕಾಗದಪತ್ರ ಮುಗಿದಿದೆ, ಮಡಿಕೇರಿಗೆ ಹತ್ತಿ ಸಂಪಾಜೆ ಕಡೆಗೆ ಇಳಿದದ್ದೂ ಆಗಿದೆ. ಇಷ್ಟಾದ ಮೇಲೆ ಅನಿಸುವುದು, ಎಂಜಿನ್ ಶಕ್ತಿ ಈ ಲೆಕ್ಕದಲ್ಲಿ ಕೊನೆಗೆ ನೋಡಬೇಕಾದದ್ದು. ಮೊದಲು ತೂಕ: ಟ್ರೈಲರ್‌ನದು, ಅದರ ಮೂತಿಯದು, ಗಾಡಿಯ ಹಿಂದಿನ ಆಕ್ಸಲ್ ಮೇಲೆ ಬೀಳುವುದು. ಈ ಮೂರು ಗೊತ್ತಿಲ್ಲದೆ ಗಾಡಿ ನೋಡಲು ಹೋದರೆ ಸೇಲ್ಸ್‌ನವರು ಹೇಳಿದ್ದೇ ವೇದವಾಕ್ಯ.

ನಮ್ಮದು ಎರಡು ಆಕ್ಸಲ್‌ನ, ಫೈಬರ್ ಬಾಡಿಯ ಸೆಕೆಂಡ್ ಹ್ಯಾಂಡ್ ಕ್ಯಾರವಾನ್. ಅದರ ಪ್ಲೇಟ್‌ನಲ್ಲಿ ಗರಿಷ್ಠ ತೂಕ 1,800 ಕೆಜಿ, ಖಾಲಿ ತೂಕ 1,280 ಕೆಜಿ ಅಂತಿತ್ತು. ನಂಜನಗೂಡು ರಸ್ತೆಯ ಬಂಡೀಪಾಳ್ಯ ಎಪಿಎಂಸಿ ಕಡೆ, ಲಾರಿ ತೂಗುವ ವೇ ಬ್ರಿಡ್ಜ್ ಮೇಲೆ ನಿಲ್ಲಿಸಿದರೆ ಖಾಲಿಯಲ್ಲೇ 1,410 ತೋರಿಸಿತು. ಹಳೆಯ ಮಾಲೀಕರು ಆಮೇಲೆ ಕೂರಿಸಿದ ಎಸಿ, ಪಕ್ಕದ ಚಪ್ಪರ, ಎರಡು ಟ್ಯೂಬುಲರ್ ಬ್ಯಾಟರಿ ಎಲ್ಲ ಕಾಗದದಲ್ಲಿ ಇರುವುದಿಲ್ಲವಲ್ಲ. 150 ಎಎಚ್‌ನ ಒಂದು ಟ್ಯೂಬುಲರ್ ಬ್ಯಾಟರಿಯೇ 50 ಕೆಜಿ ಮೀರುತ್ತದೆ. 100 ಲೀಟರ್ ನೀರು ಅಂದರೆ 100 ಕೆಜಿ. ಗ್ಯಾಸ್ ತುಂಬಿದ ಮನೆಬಳಕೆಯ ಸಿಲಿಂಡರ್ ಸುಮಾರು 30 ಕೆಜಿ. ಹಾಸಿಗೆ, ಪಾತ್ರೆ, ಕುರ್ಚಿ, ಜಾಕ್, ಸ್ಟೆಪ್ನಿ ಎಲ್ಲ ಹೇರಿ ಮತ್ತೆ ತೂಗಿದಾಗ 1,780. ಮಿತಿಗೆ ಬರೀ 20 ಕೆಜಿ ಬಾಕಿ. ಒಂದು ಸಲ ತೂಗಿಸಲು ನೂರಿನ್ನೂರು ರೂಪಾಯಿ ಅಷ್ಟೇ, ಈ ಇಡೀ ವ್ಯವಹಾರದಲ್ಲಿ ಇಷ್ಟು ಕಡಿಮೆ ದುಡ್ಡಿಗೆ ಇಷ್ಟು ಉಪಯೋಗ ಬೇರೆ ಯಾವುದರಿಂದಲೂ ಆಗಲಿಲ್ಲ. ಮಂಡ್ಯ ಕಡೆಯವರಿಗೆ ಇನ್ನೂ ಸುಲಭ. ಕಬ್ಬು, ಬೆಲ್ಲ ಓಡಾಡುವ ಕಡೆ ವೇ ಬ್ರಿಡ್ಜ್‌ಗೆ ಬರವಿಲ್ಲ.

ನಿಯಮದ ಪ್ರಕಾರ 0.75 ಟನ್‌ವರೆಗಿನ ಟ್ರೈಲರ್ ಟಿ1 ವರ್ಗ, ಅಲ್ಲಿಂದ 3.5 ಟನ್‌ವರೆಗೆ ಟಿ2. ನಮ್ಮದು ಟಿ2. ಈ ತೂಕದ ಟ್ರೈಲರ್‌ಗೆ ತನ್ನದೇ ಬ್ರೇಕ್ ಇರಲೇಬೇಕು. ಬ್ರೇಕ್ ಬಿಚ್ಚಿ ಹಾಕಿದ, ಅಥವಾ ಕೇಬಲ್ ಕಟ್ಟಿಟ್ಟ ಟ್ರೈಲರ್‌ಗಳು ಅಗ್ಗಕ್ಕೆ ಬರುತ್ತವೆ. ಮುಟ್ಟಬೇಡಿ.

ಇನ್ನು ಮೂತಿ ಭಾರ, ಅಂದರೆ ಟ್ರೈಲರ್‌ನ ಮುಂದಿನ ಕಪ್ಲಿಂಗ್ ಗಾಡಿಯ ಬಾಲ್ (ಹಿಚ್‌ನ ತುದಿಯ ಕಬ್ಬಿಣದ ಗುಂಡು) ಮೇಲೆ ಕೆಳಮುಖವಾಗಿ ಹಾಕುವ ಭಾರ. ಎತ್ತಿನ ಗಾಡಿಗೆ ಹಿಂದೆ ಹೆಚ್ಚು ಹೇರಿದರೆ ಮೂಕಿ ಮೇಲೆದ್ದು ಎತ್ತಿನ ಹೆಗಲು ಬಿಡುತ್ತದಲ್ಲ, ಇಲ್ಲೂ ಅದೇ ಕಥೆ, ಆದರೆ 70 ಕಿಲೋಮೀಟರ್ ವೇಗದಲ್ಲಿ. ಮೂತಿ ಹಗುರವಾದರೆ ಟ್ರೈಲರ್ ಬಾಲ ಆಡಿಸಲು ಶುರುಮಾಡುತ್ತದೆ. ಹೆಚ್ಚಾದರೆ ಗಾಡಿಯ ಹಿಂಭಾಗ ಕುಸಿದು ಮುಂದಿನ ಚಕ್ರ ಹಗುರಾಗುತ್ತದೆ. ಯುರೋಪಿನಲ್ಲಿ ಒಟ್ಟು ತೂಕದ ಶೇ 5ರಿಂದ 7, ಅಮೆರಿಕದಲ್ಲಿ ಶೇ 10ರಿಂದ 15 ಅನ್ನುತ್ತಾರೆ. ನಮ್ಮ ಟ್ರೈಲರ್ ಯುರೋಪ್ ಮಾದರಿಯದು, ಶೇ 7 ಅಂದರೆ ಸುಮಾರು 125 ಕೆಜಿ.

ಇದನ್ನು ಅಳೆಯಲು ವೇ ಬ್ರಿಡ್ಜ್ ಆಗದು. ಅದು ಹತ್ತೋ ಇಪ್ಪತ್ತೋ ಕೆಜಿಯ ಹೆಜ್ಜೆಯಲ್ಲಿ ತೋರಿಸುತ್ತದೆ. ಮನೆಯ ತೂಕದ ಯಂತ್ರವೇ ಸಾಕು. ಅದು 120 ಕೆಜಿಗೆ ನಿಲ್ಲುವಂಥದ್ದಾದರೆ ಒಂದು ಗಟ್ಟಿ ಹಲಗೆ ತೆಗೆದುಕೊಳ್ಳಿ. ಒಂದು ತುದಿ ಇಟ್ಟಿಗೆ ಮೇಲೆ, ಇನ್ನೊಂದು ತುದಿ ಯಂತ್ರದ ಮೇಲೆ, ಎರಡೂ ಕಡೆ ಹಲಗೆಯ ಕೆಳಗೆ ತುಂಡು ಪೈಪ್. ಇಟ್ಟಿಗೆಯ ಪೈಪಿನಿಂದ ಒಂದು ಅಡಿಗೆ, ಯಂತ್ರದ ಪೈಪಿನಿಂದ ಎರಡು ಅಡಿಗೆ ಕಪ್ಲಿಂಗ್ ಕೂರಬೇಕು. ಯಂತ್ರ ತೋರಿಸಿದ್ದನ್ನು ಮೂರರಿಂದ ಗುಣಿಸಿ. ಟ್ರೈಲರ್ ಸಮತಟ್ಟಾಗಿರಲಿ, ಚಕ್ರಕ್ಕೆ ಕಲ್ಲು ಕೊಟ್ಟಿರಲಿ, ಕಪ್ಲಿಂಗ್ ಎತ್ತರ ರಸ್ತೆ ಮೇಲೆ ಎಳೆಯುವಾಗಿನಷ್ಟೇ ಇರಲಿ. ನಮ್ಮದು ಮೊದಲ ಸಲ 70 ಕೆಜಿ ಮಾತ್ರ ಬಂತು. ಬ್ಯಾಟರಿಗಳು ಹಿಂದಿನ ಮಂಚದ ಕೆಳಗಿದ್ದವು, ಅದಕ್ಕೆ. ಅವನ್ನು ಆಕ್ಸಲ್‌ಗಿಂತ ಸ್ವಲ್ಪ ಮುಂದಕ್ಕೆ ತಂದ ಮೇಲೆ 125ರ ಹತ್ತಿರ ನಿಂತಿತು. ಒಂದು ಮಾತು: ಬಚ್ಚಲ ನೀರಿನ ಟ್ಯಾಂಕ್ ಆಕ್ಸಲ್‌ನ ಹಿಂದಿದ್ದರೆ, ಅದು ತುಂಬಿದಷ್ಟೂ ಮೂತಿ ಹಗುರಾಗುತ್ತಾ ಹೋಗುತ್ತದೆ. ಹೊರಡುವ ಮುಂಚೆ ಖಾಲಿ ಮಾಡಿ.

ಇಲ್ಲಿಂದ ಗಾಡಿಯ ಲೆಕ್ಕ. ಮೂತಿಯ 125 ಕೆಜಿ ಟ್ರೈಲರ್‌ನ ಖಾತೆಯದಲ್ಲ, ಗಾಡಿ ಹೊರಬೇಕಾದ ಹೊರೆ. ಅದರ ಮೇಲೆ ಹಿಚ್ 35, ನಾಲ್ಕು ಜನ 280, ಸಾಮಾನು 60. ಒಟ್ಟು 500 ಕೆಜಿ. ಗಾಡಿಯ ಜಿವಿಡಬ್ಲ್ಯುನಲ್ಲಿ (ಜನ, ಸಾಮಾನು ಎಲ್ಲ ಸೇರಿ ಗಾಡಿ ಇರಬಹುದಾದ ಗರಿಷ್ಠ ತೂಕ) ಖಾಲಿ ತೂಕ ಕಳೆದರೆ ಇದಕ್ಕಿಂತ ಹೆಚ್ಚು ಉಳಿಯಬೇಕು. ಖಾಲಿ ತೂಕ ಆರ್‌ಸಿಯಲ್ಲಿರುತ್ತದೆ. ಜಿವಿಡಬ್ಲ್ಯುಗೆ ಬಾಗಿಲ ಕಂಬದ ಮೇಲೋ ಬಾನೆಟ್ ಒಳಗೋ ಇರುವ ಕಂಪನಿಯ ಪ್ಲೇಟ್ ನೋಡಿ. ಪಿಕಪ್ ಎಂದಾಕ್ಷಣ ಟನ್ನುಗಟ್ಟಲೆ ಹೊರುತ್ತದೆ ಅಂದುಕೊಳ್ಳಬೇಡಿ. ಬಿಳಿ ಬೋರ್ಡಿನ, ಎರಡು ಸಾಲು ಸೀಟಿನ ಡಬಲ್ ಕ್ಯಾಬ್‌ಗಳು ಹೊರುವುದು ಕೆಲವು ನೂರು ಕೆಜಿ ಅಷ್ಟೇ.

ಹಿಂದಿನ ಆಕ್ಸಲ್‌ಗೆ ಬೀಳುವುದು ಬರೀ 125 ಕೂಡ ಅಲ್ಲ. ಬಾಲ್ ಹಿಂದಿನ ಆಕ್ಸಲ್‌ನಿಂದ 1.35 ಮೀಟರ್ ಹಿಂದಿದೆ, ವೀಲ್‌ಬೇಸ್ (ಮುಂದಿನ, ಹಿಂದಿನ ಆಕ್ಸಲ್‌ಗಳ ನಡುವಿನ ದೂರ) 3.085 ಮೀಟರ್ ಅಂದುಕೊಳ್ಳಿ. 125ನ್ನು 1.35ರಿಂದ ಗುಣಿಸಿ 3.085ರಿಂದ ಭಾಗಿಸಿದರೆ ಸುಮಾರು 55. ಅಷ್ಟು ಭಾರ ಮುಂದಿನ ಚಕ್ರದಿಂದ ಎದ್ದು ಹಿಂದಕ್ಕೆ ಹೋಗುತ್ತದೆ. ಹಿಂದೆ 180 ಕೆಜಿ ಹೆಚ್ಚು, ಮುಂದೆ 55 ಕಡಿಮೆ. ಮುಂದಿನ ಚಕ್ರ ಎಳೆಯುವ ಗಾಡಿಗಳು ಒದ್ದೆ ಏರಿನಲ್ಲಿ ಚಕ್ರ ತಿರುಗಿಸಿಕೊಂಡು ನಿಲ್ಲುವುದು ಇದಕ್ಕೇ. ವೀಲ್‌ಬೇಸ್ ಉದ್ದವಿದ್ದು, ಆಕ್ಸಲ್‌ನಿಂದ ಬಾಲ್‌ವರೆಗಿನ ಬಾಲ ಚಿಕ್ಕದಿದ್ದಷ್ಟೂ ಒಳ್ಳೆಯದು.

ಇಷ್ಟು ಕೈಯಲ್ಲಿ ಹಿಡಿದು ನೋಡಿದರೆ ಪಟ್ಟಿ ಬೇಗ ಕರಗಿತು. ಇನ್ನೋವಾ ಹೈಕ್ರಾಸ್, ಸಫಾರಿ, ಎಕ್ಸ್‌ಯುವಿ700 ಎಲ್ಲ ಮಾನೊಕಾಕ್, ಅಂದರೆ ಬೇರೆ ಚಾಸಿ ಇಲ್ಲ, ಬಾಡಿಯೇ ಚೌಕಟ್ಟು. ಹೊರದೇಶಗಳಲ್ಲಿ ಇಂಥ ಗಾಡಿಗಳೂ ಭಾರ ಎಳೆಯುತ್ತವೆ, ಆದರೆ ಅಲ್ಲಿ ಕಂಪನಿಯೇ ಹಿಚ್ ಕೂರುವ ಜಾಗ ಗಟ್ಟಿ ಮಾಡಿ, ಎಳೆಯುವ ತೂಕ ಬರೆದು ಕೊಟ್ಟಿರುತ್ತದೆ. ಇಲ್ಲಿ ಹೆಚ್ಚಿನ ಮಾದರಿಗಳಿಗೆ ಆ ಸಂಖ್ಯೆಯನ್ನೇ ಕೊಡುವುದಿಲ್ಲ. ಬೊಲೆರೊಗೆ ಚಾಸಿ ಇದೆ, ಆದರೆ ಶಕ್ತಿ 76 ಪಿಎಸ್, ಟಾರ್ಕ್ (ತಿರುಗಿಸುವ ಬಲ) 210 ಎನ್‌ಎಂ, ಮೇಲಾಗಿ ಟ್ರೈಲರ್‌ಗಿಂತ ಹಗುರ. ಬಾಲ ನಾಯಿಯನ್ನೇ ಆಡಿಸಿದ ಹಾಗಾಗುವ ಮುಂಚೆ ಅದನ್ನು ಬಿಟ್ಟೆವು. ಮೂರು ಬಾಗಿಲ ಥಾರ್‌ಗೆ ಶಕ್ತಿ ಸಾಲದು ಅನ್ನಲಾಗದು, ವೀಲ್‌ಬೇಸ್ 2.45 ಮೀಟರ್ ಮಾತ್ರ. ಕ್ರಿಸ್ಟಾ ಚಾಸಿಯದು, ಹಿಂದಿನ ಚಕ್ರ ಎಳೆಯುವಂಥದ್ದು, 2.4 ಡೀಸೆಲ್‌ನಲ್ಲಿ 150 ಪಿಎಸ್. ಟ್ರೈಲರ್ 1,400 ಕೆಜಿ ಒಳಗಿದ್ದರೆ ಬೇರೆ ಹುಡುಕಬೇಕಿಲ್ಲ ಅಂತ ನನ್ನ ಅಭಿಪ್ರಾಯ.

ಬ್ರಿಟನ್ನಿನಲ್ಲಿ ಹೊಸಬರಿಗೆ ಒಂದು ಸೂತ್ರ ಹೇಳಿಕೊಡುತ್ತಾರೆ: ತುಂಬಿದ ಟ್ರೈಲರ್ ತೂಕ, ಎಳೆಯುವ ಗಾಡಿಯ ಖಾಲಿ ತೂಕದ ಶೇ 85 ಮೀರಬಾರದು. 1,780ನ್ನು 0.85ರಿಂದ ಭಾಗಿಸಿದರೆ 2,094. ಅಂದರೆ ಎರಡು ಟನ್ ಮೀರಿದ ಗಾಡಿ ಬೇಕು. ಅದರ ಆಸುಪಾಸಿನಲ್ಲಿ ಉಳಿದದ್ದು ಸ್ಕಾರ್ಪಿಯೊ-ಎನ್, ಇಸುಝು ವಿ-ಕ್ರಾಸ್, ಫಾರ್ಚುನರ್, ಹೈಲಕ್ಸ್. ವಿ-ಕ್ರಾಸ್‌ನ ವೀಲ್‌ಬೇಸ್ ಚೆನ್ನ, 3.095 ಮೀಟರ್, 1.9 ಲೀಟರ್ ಎಂಜಿನ್ 163 ಪಿಎಸ್, 360 ಎನ್‌ಎಂ. ಹೈಲಕ್ಸ್ ಆಟೊಮ್ಯಾಟಿಕ್ 204 ಪಿಎಸ್, 500 ಎನ್‌ಎಂ. ಹೊರದೇಶದಲ್ಲಿ ಎರಡಕ್ಕೂ ಬ್ರೇಕ್ ಇರುವ ಟ್ರೈಲರ್ 3,500 ಕೆಜಿವರೆಗೆ ಅಂತ ಕಂಪನಿಯೇ ಹೇಳುತ್ತದೆ. ಆ ಸಂಖ್ಯೆ ಇಲ್ಲಿಗೆ ಹಾಗೇ ನಡೆಯದು, ಅದರ ಅರ್ಧದ ಆಸುಪಾಸಿನಲ್ಲಿ ನಿಲ್ಲುವುದು ಜಾಣತನ.

ಕೊನೆಗೆ ತೀರ್ಮಾನ ಮಾಡಿಸಿದ್ದು ರಿವರ್ಸ್. ಏರಿನಲ್ಲಿ 1,800 ಕೆಜಿಯನ್ನು ಹಿಂದಕ್ಕೆ ತಳ್ಳುವಾಗ ಮ್ಯಾನ್ಯುಯಲ್ ಗಾಡಿಯಲ್ಲಿ ಕ್ಲಚ್ ಅರ್ಧ ಒತ್ತಿಯೇ ಇರಬೇಕಾಗುತ್ತದೆ, ಒಂದೆರಡು ನಿಮಿಷದಲ್ಲಿ ವಾಸನೆ ಬರುತ್ತದೆ. ಫೋರ್ ವೀಲ್ ಡ್ರೈವ್‌ನ ಲೋ ರೇಂಜ್ (ನಿಧಾನಕ್ಕೆ, ಹೆಚ್ಚು ಬಲದಲ್ಲಿ ಎಳೆಯುವ ಗೇರ್ ಸಾಲು) ಇದ್ದರೆ ಆ ಕಷ್ಟ ಕಡಿಮೆ. ಕ್ಲಚ್ ಬದಲು ಎಣ್ಣೆಯ ಮೂಲಕ ಶಕ್ತಿ ದಾಟಿಸುವ ಟಾರ್ಕ್ ಕನ್ವರ್ಟರ್ ಆಟೊಮ್ಯಾಟಿಕ್ ಆದರೆ ಕ್ಲಚ್ ಸುಡುವ ಮಾತೇ ಇಲ್ಲ. ಆದರೆ ಒಣ ಟಾರ್ ರಸ್ತೆಯಲ್ಲಿ ಫೋರ್ ವೀಲ್ ಹಾಕಿ ತಿರುವು ತೆಗೆಯಬೇಡಿ, ಮುಂದಿನ ಹಿಂದಿನ ಆಕ್ಸಲ್‌ಗಳು ಒಂದನ್ನೊಂದು ಹಿಂಡಿಕೊಂಡು ಗೇರ್‌ಗಳಿಗೆ ಪೆಟ್ಟು. ಹೈಲಕ್ಸ್ ಆಟೊಮ್ಯಾಟಿಕ್, ಸೆಕೆಂಡ್ ಹ್ಯಾಂಡ್ ಅಂತ ನಿಂತಿತು.

ಹೊರರಾಜ್ಯದ ಗಾಡಿಗಳು ಎರಡು ಮೂರು ಲಕ್ಷ ಕಡಿಮೆಗೆ ಕಾಣುತ್ತವೆ, ಆಸೆಯಾಗುತ್ತದೆ. ಕರ್ನಾಟಕದಲ್ಲಿ 20 ಲಕ್ಷ ಮೀರಿದ ಕಾರಿಗೆ ಜೀವಾವಧಿ ತೆರಿಗೆ ಶೇ 18, ಅದರ ಮೇಲೆ ಸೆಸ್. ಗಾಡಿಯ ವಯಸ್ಸಿಗೆ ತಕ್ಕ ಹಾಗೆ ಕಡಿಮೆಯಾದರೂ ಉಳಿತಾಯ ಅಲ್ಲೇ ಮುಗಿಯುತ್ತದೆ. ಅದಕ್ಕೆ ಬೆಂಗಳೂರಿನಲ್ಲಿ ನೋಂದಣಿಯಾದ ಗಾಡಿಯನ್ನೇ ತಂದೆವು. ಪಿಕಪ್ ಕೊಳ್ಳುವವರು ಆರ್‌ಸಿಯಲ್ಲಿ ವಾಹನದ ವರ್ಗ ಮೋಟಾರ್ ಕಾರ್ ಅಂತಿದೆಯೋ ಸರಕು ವಾಹನ ಅಂತಿದೆಯೋ ನೋಡಲೇಬೇಕು. ಎರಡನೆಯದಾದರೆ ಹಳದಿ ಬೋರ್ಡ್, ಎಫ್‌ಸಿ, ಎಲ್ಲ ಜೊತೆಗೆ ಬರುತ್ತದೆ.

ಕಾದದ್ದು ಮಾತ್ರ ಸಾಕುಸಾಕಾಯಿತು. ಮಾರಿದವರ ಸಾಲ ತೀರಿತ್ತು, ಆದರೆ ಬ್ಯಾಂಕಿನಿಂದ ಸಾಲ ತೀರಿದ್ದಕ್ಕೆ ಫಾರ್ಮ್ 35 ಮತ್ತು ಎನ್‌ಒಸಿ ಬರುವ ತನಕ ಹೆಸರು ವರ್ಗಾವಣೆಯ ಫಾರ್ಮ್ 29, 30 ಮುಂದೆ ಹೋಗುವುದಿಲ್ಲ. ಹಣ ಪೂರ್ತಿ ಕೊಟ್ಟು ಕಾಯುವ ಬದಲು ಒಂದು ಭಾಗ ಹಿಡಿದಿಟ್ಟುಕೊಳ್ಳಿ, ಆಗ ಫೋನ್ ಎತ್ತುತ್ತಾರೆ. ಕೊಂಡವರು 30 ದಿನದೊಳಗೆ ವರ್ಗಾವಣೆಗೆ ಅರ್ಜಿ ಹಾಕಬೇಕು, ವಿಮೆ ಹೆಸರಿಗೆ ಮಾಡಿಸಲು 14 ದಿನ. ಈ ಎರಡನೆಯದನ್ನೇ ಜನ ಮರೆಯುವುದು.

ಟ್ರೈಲರ್‌ಗೂ ಇದೆಲ್ಲ ಬೇರೆಯಾಗಿ ಆಗಬೇಕು. ಮೋಟಾರು ವಾಹನ ಕಾಯ್ದೆಯಲ್ಲಿ ಮೋಟಾರು ವಾಹನ ಎಂಬುದರೊಳಗೆ ಟ್ರೈಲರ್ ಕೂಡ ಸೇರುತ್ತದೆ. ಹಾಗಾಗಿ ಅದಕ್ಕೂ ಆರ್‌ಸಿ, ನಂಬರ್, ಥರ್ಡ್ ಪಾರ್ಟಿ ವಿಮೆ. ನಮ್ಮ ಅರ್ಜಿ ನಿಂತದ್ದು ಚಾಸಿ ನಂಬರಿನ ಪೆನ್ಸಿಲ್ ಪ್ರಿಂಟ್ ವಿಷಯಕ್ಕೆ. ಟ್ರೈಲರ್‌ಗೆ ಮತ್ತೆ ಬಣ್ಣ ಹೊಡೆಸಿದ್ದರಿಂದ ನಂಬರ್ ಪೂರ್ತಿ ಮುಚ್ಚಿಹೋಗಿತ್ತು. ಸಾಮಾನ್ಯವಾಗಿ ಮುಂದಿನ ಎ ಆಕಾರದ ಚೌಕಟ್ಟಿನ ಬಲಗಡೆ ಹುಡುಕಿ. ಥಿನ್ನರ್‌ನಲ್ಲಿ ಬಟ್ಟೆ ಅದ್ದಿ ಬಣ್ಣ ಮೆತ್ತಗೆ ಮಾಡಿ ಒರೆಸಬೇಕು. ಗ್ರೈಂಡರ್ ಅಂತೂ ಮುಟ್ಟಿಸಲೇಬಾರದು, ಅಂಕಿ ಸವೆದರೆ ಅನುಮಾನಕ್ಕೆ ದಾರಿ. ಮೇಲೆ ಪಾರದರ್ಶಕವಲ್ಲದ ಟೇಪ್ ಅಂಟಿಸಿ, ಪೆನ್ಸಿಲ್ ಅಡ್ಡ ಹಿಡಿದು ತೀಡಿದರೆ ಅಂಕಿ ಒಂದೊಂದಾಗಿ ಮೂಡುತ್ತದೆ. ಎರಡು ಪ್ರತಿ ತೆಗೆದಿಡಿ. ವಿಮೆಯಲ್ಲಿ ಟ್ರೈಲರ್ ನಂಬರ್ ಬರೆದ ಎಂಡಾರ್ಸ್‌ಮೆಂಟ್ ಕೇಳಿ ಪಡೆಯಿರಿ. ಏಜೆಂಟರ ‘ಆಗುತ್ತೆ ಬಿಡಿ ಸಾರ್’ ಎಂಬ ಮಾತಿಗೆ ಕ್ಲೇಮಿನ ದಿನ ಬೆಲೆ ಇಲ್ಲ. ಹಿಚ್ ಹಾಕಿಸುವುದನ್ನೂ ವಿಮೆಯವರಿಗೆ ಲಿಖಿತವಾಗಿ ತಿಳಿಸಿ.

ಹಿಚ್‌ನ ಕೆಲಸದಲ್ಲಿ ಆತಂಕ ಜಾಸ್ತಿ. ಕೈಗಾರಿಕಾ ಪ್ರದೇಶದ ಒಂದು ವರ್ಕ್‌ಶಾಪಿನವರು ಬಾಲನ್ನು ಲೇತ್‌ನಲ್ಲಿ ಕಡೆದುಕೊಡುತ್ತೇವೆ, ಹಿಂದಿನ ಬಂಪರ್ ಬ್ರಾಕೆಟ್‌ಗೇ ವೆಲ್ಡ್ ಹೊಡೆಯುತ್ತೇವೆ ಅಂದರು. ಎರಡೂ ಬೇಡ. ಹಿಚ್ ಚಾಸಿಯ ಎರಡು ಉದ್ದ ಪಟ್ಟಿಗಳಿಗೆ, ಒಂದೊಂದು ಕಡೆ ಕನಿಷ್ಠ ಮೂರು ಬೋಲ್ಟಿನಲ್ಲಿ, ಕಂಪನಿ ಕೊಟ್ಟಿರುವ ತೂತುಗಳಲ್ಲೇ ಕೂರಬೇಕು. ಟೊಳ್ಳು ಚಾಸಿಯಾದರೆ ಒಳಗೆ ಸ್ಪೇಸರ್ ಪೈಪ್ ಇಲ್ಲದೆ ಬೋಲ್ಟ್ ಬಿಗಿದರೆ ಚಾಸಿ ಒಳಕ್ಕೆ ತಗ್ಗುತ್ತದೆ, ನಾಲ್ಕು ದಿನಕ್ಕೆ ಬೋಲ್ಟ್ ಸಡಿಲ. ಬಾಲ್ ಮುದ್ರೆ ಹಾಕಿದ ಫೋರ್ಜ್ಡ್ ಮಾಲೇ ಇರಲಿ. ಅದರ ಮೇಲೆ ಡಿ ಮೌಲ್ಯ, ಅಂದರೆ ಎಳೆಯುವಾಗಿನ ಜಗ್ಗಾಟವನ್ನು ಎಷ್ಟು ತಡೆಯುತ್ತದೆ ಎಂಬ ಅಳತೆ, ಬರೆದಿರುತ್ತದೆ. ನಿಮಗೆಷ್ಟು ಬೇಕೆಂದರೆ: ಗಾಡಿಯ ಜಿವಿಡಬ್ಲ್ಯು ಟನ್‌ನಲ್ಲಿ, ಟ್ರೈಲರ್‌ನದೂ ಟನ್‌ನಲ್ಲಿ, ಎರಡನ್ನೂ ಗುಣಿಸಿ, ಎರಡರ ಮೊತ್ತದಿಂದ ಭಾಗಿಸಿ, 9.81ರಿಂದ ಗುಣಿಸಿ. 2.9 ಮತ್ತು 1.8ಕ್ಕೆ ಬರುವುದು 10.9 ಕಿಲೋನ್ಯೂಟನ್. ಬಾಲ್ ಮೇಲಿನದು ಇದಕ್ಕಿಂತ ಹೆಚ್ಚಿರಬೇಕು.

ಇನ್ನೊಂದು ಮೋಸ ಅಳತೆಯಲ್ಲಿ. ಯುರೋಪ್ ಮಾದರಿ ಬಾಲ್ 50 ಮಿಮೀ, ಅಮೆರಿಕದ್ದು ಎರಡು ಇಂಚು, ಅಂದರೆ 50.8. ಎರಡಿಂಚಿನ ಕಪ್ಲಿಂಗನ್ನು 50ರ ಬಾಲ್ ಮೇಲೆ ಕೂರಿಸಿದರೆ ಕಣ್ಣಿಗೆ ಸರಿಯಾಗೇ ಕಾಣುತ್ತದೆ, ಗುಂಡಿಯಲ್ಲಿ ಹಾರಿದಾಗ ಕಳಚಬಹುದು. ಅಂಗಡಿಯಲ್ಲಿ ಎರಡನ್ನೂ ಒಂದೇ ಅನ್ನುತ್ತಾರೆ. ವರ್ನಿಯರ್ ಕೈಯಲ್ಲಿರಲಿ. ಬಾಲ್‌ನ ಮಧ್ಯ ನೆಲದಿಂದ 350ರಿಂದ 420 ಮಿಮೀ ಇರಬೇಕು, ಅದೂ ಗಾಡಿ ತುಂಬಿದಾಗ. ಪಿಕಪ್‌ಗಳು ಎತ್ತರ, ಟ್ರೈಲರ್ ಮೂತಿ ಎತ್ತಿ ನಿಂತು ಭಾರವೆಲ್ಲ ಅದರದೇ ಹಿಂದಿನ ಆಕ್ಸಲ್‌ಗೆ ಹೋಗುತ್ತದೆ. ನಮಗೆ ತಗ್ಗು ಪ್ಲೇಟ್ ಬೇಕಾಯಿತು. ಹಿಚ್, ಬಾಲ್, ವೈರಿಂಗ್, ಉದ್ದ ಕೈಯ ಕನ್ನಡಿಗಳು ಸೇರಿ ನಲವತ್ತು ಸಾವಿರದ ಆಚೀಚೆ.

ವೈರಿಂಗ್‌ಗೆ ಏಳು ಪಿನ್ ಸಾಕೆಟ್. ಹಿಂದಿನ ಲೈಟಿನ ವೈರ್ ಸುಲಿದು ನೇರ ಜೋಡಿಸಲು ಬಿಡಬೇಡಿ; ಬ್ಯಾಟರಿಯಿಂದ ಬೇರೆ ಫ್ಯೂಸ್ ಹಾಕಿ ಬೈಪಾಸ್ ಮಾಡ್ಯೂಲ್ ಮೂಲಕ ಕೊಡಿಸಿ, ಇಲ್ಲದಿದ್ದರೆ ಟ್ರೈಲರ್‌ನಲ್ಲಿ ಶಾರ್ಟ್ ಆದದ್ದು ಗಾಡಿಯ ಕಂಟ್ರೋಲ್ ಮಾಡ್ಯೂಲಿಗೆ ಬಡಿಯುತ್ತದೆ. ಇಂಡಿಕೇಟರ್ ಹಾಕಿದಾಗ ಟ್ರೈಲರ್‌ನ ಎಲ್ಲ ದೀಪಗಳೂ ಮಂಕಾಗಿ ಮಿಣುಕಿದರೆ ಬಲ್ಬ್ ಬದಲಿಸುತ್ತಾ ಕೂರಬೇಡಿ, ಅದು ಮೂರನೇ ಪಿನ್ನಿನ ಅರ್ಥ್ ಸಡಿಲ.

ನಮ್ಮ ಟ್ರೈಲರ್‌ನದು ಓವರ್‌ರನ್ ಬ್ರೇಕ್. ಗಾಡಿ ನಿಧಾನಿಸಿದಾಗ ಟ್ರೈಲರ್ ಮುಂದಕ್ಕೆ ನೂಕುತ್ತದೆ, ಕಪ್ಲಿಂಗ್‌ನ ದಂಡ ಒಳಕ್ಕೆ ಸರಿದು ರಾಡ್, ಕೇಬಲ್ ಎಳೆದು ಡ್ರಮ್ ಬ್ರೇಕ್ ಹಿಡಿಸುತ್ತದೆ. ವರ್ಷಗಟ್ಟಲೆ ನಿಂತ ಟ್ರೈಲರ್‌ನಲ್ಲಿ ಈ ದಂಡ ತುಕ್ಕು ಹಿಡಿದಿರುತ್ತದೆ, ಕೇಬಲ್ ಒಳಗೇ ಕಚ್ಚಿಕೊಂಡಿರುತ್ತದೆ. ಶೂ, ಕೇಬಲ್, ಬೇರಿಂಗ್, ಸೀಲ್, ಗ್ರೀಸ್ ಎಲ್ಲ ಹೊಸದು ಹಾಕಿಸಿದ್ದಕ್ಕೆ ಹದಿನೆಂಟು ಸಾವಿರ ಆಯಿತು. ಬ್ರೇಕ್ ಸರಿಮಾಡುವಾಗ ಮೊದಲು ಡ್ರಮ್‌ನಲ್ಲಿ ಶೂ ಅಂತರ, ಆಮೇಲೆ ರಾಡ್. ಮೆಕ್ಯಾನಿಕ್‌ಗಳು ಅವಸರಕ್ಕೆ ರಾಡನ್ನೇ ಬಿಗಿಯುತ್ತಾರೆ, ಆಗ ಚಕ್ರ ಸದಾ ಉಜ್ಜಿಕೊಂಡೇ ಓಡುತ್ತದೆ. ಬ್ರೇಕ್‌ಅವೇ ಕೇಬಲನ್ನು ಬಾಲ್‌ನ ಕತ್ತಿಗೆ ಸುತ್ತುವ ಬದಲು ಹಿಚ್‌ನ ಬೇರೊಂದು ಕೊಂಡಿಗೆ ಹಾಕಿ. ಟ್ರೈಲರ್ ಕಳಚಿದರೆ ಅದೇ ಹ್ಯಾಂಡ್ ಬ್ರೇಕ್ ಎಳೆಯಬೇಕಾದದ್ದು.

ರಸ್ತೆಗಿಳಿಸಿದ್ದು ಮೊದಲು ರಿಂಗ್ ರಸ್ತೆಯಲ್ಲಿ, ಬೆಳಿಗ್ಗೆ ಬೇಗ. 50 ಕಿಲೋಮೀಟರ್ ಆದಮೇಲೆ ಚಕ್ರದ ನಟ್ಟು, ಹಿಚ್‌ನ ಬೋಲ್ಟು ಎಲ್ಲ ಟಾರ್ಕ್ ವ್ರೆಂಚ್‌ನಲ್ಲಿ ನೋಡಿದಾಗ ಎರಡು ಬೋಲ್ಟು ಇನ್ನೂ ಕಾಲು ಸುತ್ತು ಬಂದವು. ಹೊಸದಾಗಿ ಕೂರಿಸಿದ್ದು ಒಮ್ಮೆ ಕುಳಿತುಕೊಳ್ಳುತ್ತದೆ, ಗಾಬರಿ ಬೇಡ. ನೋಡದೆ ಬಿಡುವುದೂ ಬೇಡ. ಬೆಂಗಳೂರು ದಶಪಥದಲ್ಲಿ 2023ರ ಆಗಸ್ಟ್ 1ರಿಂದ ಬೈಕು, ಆಟೊ, ಟ್ರ್ಯಾಕ್ಟರ್‌ಗಳಿಗೆ ಪ್ರವೇಶವಿಲ್ಲ. ಟ್ರೈಲರ್ ಇದ್ದರೂ ಇಲ್ಲದಿದ್ದರೂ ಅಂತ ಅಲ್ಲಿ ಬರೆದಿರುವುದು ಟ್ರ್ಯಾಕ್ಟರ್ ಬಗ್ಗೆ, ಕಾರಿನ ಬಗ್ಗೆಯಲ್ಲ. ತಡೆದರೆ ಎರಡೂ ಆರ್‌ಸಿ ತೋರಿಸಿ ಸಮಾಧಾನವಾಗಿ ಹೇಳಿ. 70ರ ಮೇಲೆ ನಾವು ಹೋಗುವುದಿಲ್ಲ. ಖಾಸಗಿ ಬಸ್ಸು ಪಕ್ಕದಲ್ಲಿ ನುಗ್ಗಿದಾಗ ಅದರ ಗಾಳಿ ಟ್ರೈಲರನ್ನು ಮೊದಲು ಆಚೆ ತಳ್ಳಿ ಆಮೇಲೆ ಬಸ್ಸಿನ ಕಡೆ ಸೆಳೆಯುತ್ತದೆ. ಬಾಲ ಆಡಿದರೆ ಸ್ಟೀರಿಂಗ್ ನೆಟ್ಟಗೆ ಹಿಡಿದು ಆಕ್ಸಿಲರೇಟರ್ ಬಿಡಿ. ಬ್ರೇಕ್ ತುಳಿಯಬೇಡಿ, ವೇಗ ಹೆಚ್ಚಿಸಿ ನೆಟ್ಟಗಾಗಿಸುವ ಸಾಹಸವೂ ಬೇಡ.

ಕುಶಾಲನಗರ ದಾಟಿ ಮಡಿಕೇರಿಗೆ ಹತ್ತುವುದು ನಿರೀಕ್ಷೆಗಿಂತ ಸಲೀಸು. ಗೇರ್‌ಬಾಕ್ಸ್ ಮೇಲೆ ಕೆಳಗೆ ಹುಡುಕಾಡುತ್ತಿದ್ದರೆ ಮ್ಯಾನ್ಯುಯಲ್ ಮೋಡ್‌ಗೆ ಹಾಕಿ ಮೂರರಲ್ಲಿ ಹಿಡಿದಿಡಿ, ಎಣ್ಣೆ ಕಾಯುವುದು ಕಡಿಮೆಯಾಗುತ್ತದೆ. ನಿಜವಾದ ಪರೀಕ್ಷೆ ಸಂಪಾಜೆ ಕಡೆಯ ಇಳಿಜಾರು. ಎಂಜಿನ್ ಬ್ರೇಕಿನಲ್ಲಿ ಇಳಿದರೆ ಬ್ರೇಕ್ ಉಳಿಯುತ್ತದೆ ಎಂಬುದು ಗಾಡಿಯ ಮಟ್ಟಿಗೆ ನಿಜ. ಆದರೆ ಎಂಜಿನ್ ಗಾಡಿಯನ್ನು ಹಿಡಿದಷ್ಟೂ ಟ್ರೈಲರ್ ಹಿಂದಿನಿಂದ ನೂಕುತ್ತದೆ, ನೂಕಿದಷ್ಟೂ ಅದರ ಬ್ರೇಕ್ ಹಿಡಿಯುತ್ತದೆ. ನೀವು ಪೆಡಲ್ ಮುಟ್ಟದಿದ್ದರೂ ಟ್ರೈಲರ್‌ನ ಡ್ರಮ್ ಕಾಯುತ್ತಲೇ ಇರುತ್ತದೆ. ಹಾಗಾಗಿ ಇಳಿಜಾರಿಗೆ ಹೋಗುವ ಮುಂಚೆಯೇ ಎರಡನೇ ಗೇರ್, 30ರ ಒಳಗೆ ವೇಗ, ಅಗಲ ಜಾಗ ಕಂಡಲ್ಲೆಲ್ಲ ನಿಲ್ಲುವುದು. ನಾವು ನಿಂತಾಗ ನಾಲ್ಕು ಡ್ರಮ್‌ಗಳ ಹತ್ತಿರ ಕೈಯೊಡ್ಡಿ ನೋಡಿದೆವು. ಮೂರರದು ಒಂದೇ ಬಿಸಿ, ಎಡಹಿಂದಿನದು ಮಾತ್ರ ತಣ್ಣಗಿತ್ತು. ತಣ್ಣಗಿದೆ ಅಂತ ಖುಷಿಪಡುವ ಹಾಗಿಲ್ಲ, ಅದು ಕೆಲಸ ಮಾಡುತ್ತಿಲ್ಲ ಅಂತ ಅರ್ಥ, ಅದರ ಪಾಲನ್ನು ಉಳಿದ ಮೂರು ಹೊರುತ್ತಿವೆ. ಕೇಬಲ್ ಕೊಂಡಿ ಜಾರಿತ್ತು. ಬಿಸಿಯಾದ ಡ್ರಮ್‌ಗೆ ನೀರು ಎರಚಬೇಡಿ, ಬಿರುಕು ಬಿಡುತ್ತದೆ. ಹಾಗೇ ನಿಂತು ಆರಲು ಬಿಡಿ, ಹ್ಯಾಂಡ್ ಬ್ರೇಕ್ ಎಳೆಯದೆ ಚಕ್ರಕ್ಕೆ ಕಲ್ಲು ಕೊಡಿ.

ಡೀಸೆಲ್ ಲೆಕ್ಕ: ಬರೀ ಗಾಡಿ ಹತ್ತು ಹನ್ನೊಂದು ಕೊಟ್ಟರೆ, ಟ್ರೈಲರ್ ಕಟ್ಟಿದಾಗ ಆರೂವರೆ, ಘಾಟಿಯಲ್ಲಿ ಇನ್ನೂ ಕಡಿಮೆ. ಊಟಿ ಕಡೆ ಹೊರಡುವವರು ಈ ನಿಧಾನವನ್ನೂ ಲೆಕ್ಕಕ್ಕೆ ಹಿಡಿಯಬೇಕು. ಬಂಡೀಪುರದಲ್ಲಿ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ರಸ್ತೆ ಬಂದ್. ಮೈಸೂರಿನಿಂದ ರಾತ್ರಿ ಊಟ ಮುಗಿಸಿ ಆರಾಮಾಗಿ ಹೊರಟರೆ ಗುಂಡ್ಲುಪೇಟೆಯಲ್ಲೇ ಮಲಗಬೇಕಾಗುತ್ತದೆ. ಮಲಗಲು ಮನೆ ಹಿಂದೆಯೇ ಇರುತ್ತದೆ ಅನ್ನಿ, ಆದರೆ ಹನ್ನೆರಡು ಮೀಟರ್ ಉದ್ದದ ಜೋಡಿಯನ್ನು ರಿವರ್ಸ್ ಇಲ್ಲದೆ ನಿಲ್ಲಿಸಿ ಹೊರತೆಗೆಯುವಂಥ ಜಾಗವನ್ನು ಬೆಳಕಿರುವಾಗಲೇ ನೋಡಿಕೊಳ್ಳಿ. ಪೆಟ್ರೋಲ್ ಬಂಕಿಗೆ ಹೋಗುವಾಗಲೂ ಹಾಗೆಯೇ, ಲಾರಿಗಳು ನಿಲ್ಲುವ ಹೊರಗಿನ ಸಾಲಿಗೇ ಹೋಗಿ.